ನಾಯಿ ಮತ್ತು ಮಗುವಿನ ನಡುವೆ ನಿಲ್ಲಬೇಕಾದವರು

2025ರ ಜುಲೈ 28ರಂದು ಸುಪ್ರೀಂ ಕೋರ್ಟ್ ಬೀದಿನಾಯಿಗಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅದಕ್ಕೆ ಕಾರಣವಾದದ್ದು ದೆಹಲಿಯಲ್ಲಿ ನಾಯಿ ಕಚ್ಚಿ ರೇಬೀಸ್‌ನಿಂದ ತೀರಿಕೊಂಡ ಆರು ವರ್ಷದ ಬಾಲಕಿಯೊಬ್ಬಳ ಕುರಿತ ಪತ್ರಿಕಾ ವರದಿ. ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು ದೆಹಲಿ ಮತ್ತು ಸುತ್ತಲಿನ ನಗರಗಳ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕು ಎಂದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು: ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ತಗುಲಿದ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಕೂಡದು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ತೆಗೆದ ನಾಯಿಗಳನ್ನು ಮತ್ತೆ ಅಲ್ಲಿಗೆ ತರಬಾರದು ಎಂದಿತು. ಈ ತಿಂಗಳುಗಳಲ್ಲಿ ದೇಶ ಎರಡು ಪಾಳಯವಾಗಿ ಒಡೆದು ವಾದಿಸಿತು. ಪ್ರಾಣಿಗಳ ಹಕ್ಕು, ಪಾಲಿಕೆಗಳ ಬೇಜವಾಬ್ದಾರಿ, ಅನ್ನ ಹಾಕುವವರ ಮೇಲಿನ ಹಲ್ಲೆ ಎಲ್ಲವೂ ಚರ್ಚೆಗೆ ಬಂದವು. ಚರ್ಚೆಗೆ ಮೂಲವಾದ ಮಗು ಮಾತ್ರ ಬೇಗನೆ ಮರೆಯಾಯಿತು. ಮಗುವನ್ನು ಮತ್ತೆ ಮಧ್ಯಕ್ಕೆ ತಂದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ ಎಂಬುದು ನನ್ನ ವಾದ. ಐದಾರು ವರ್ಷದೊಳಗಿನ ಮಗುವಿಗೆ ನಾಯಿಯ ಮುಖ ಓದಲು ಬಾರದು, ಎದುರಾದ ಅಪಾಯದಿಂದ ತಪ್ಪಿಸಿಕೊಳ್ಳಲಾಗದು, ಕಚ್ಚಿಸಿಕೊಂಡ ಮೇಲೆ ನಡೆದದ್ದನ್ನು ನೆಟ್ಟಗೆ ಹೇಳಲೂ ಬಾರದು. ಮನೆಯ ಬುದ್ಧಿಮಾತಿನಿಂದ ಹಿಡಿದು ಆಸ್ಪತ್ರೆಯ ಚುಚ್ಚುಮದ್ದಿನವರೆಗೆ ನಮ್ಮ ಬಹುಪಾಲು ರಕ್ಷಣೆಗಳು ಈ ಮೂರನ್ನೂ ಮಾಡಬಲ್ಲ ಮನುಷ್ಯನಿಗಾಗಿ ರೂಪುಗೊಂಡವು. ಅವುಗಳನ್ನು ಮೂರು ವರ್ಷದ ಮಗುವಿನ ಅಳತೆಗೆ ತಂದು ನೋಡದೆ ಯಾವುದನ್ನೂ ಸಾಕಷ್ಟಾಯಿತು ಎನ್ನುವಂತಿಲ್ಲ.

ಮೊದಲು ಎತ್ತರದ ವಿಷಯ. ದೊಡ್ಡವರನ್ನು ಕಚ್ಚುವ ನಾಯಿಯ ಬಾಯಿಗೆ ಸಿಗುವುದು ಸಾಮಾನ್ಯವಾಗಿ ಮೀನಖಂಡ, ತೊಡೆ, ಇಲ್ಲವೇ ತಡೆಯಲು ಚಾಚಿದ ಕೈ. ಎರಡು ವರ್ಷದ ಮಗು ನಿಂತರೂ ಮೂರಡಿ ಮೀರುವುದಿಲ್ಲ. ಕೂತರೆ, ಅಂಬೆಗಾಲಿಟ್ಟರೆ, ನಮ್ಮ ಬೀದಿಯ ಸಾಧಾರಣ ನಾಟಿ ನಾಯಿಯ ಬಾಯಿಗೂ ಅದರ ಮುಖಕ್ಕೂ ಒಂದೇ ಮಟ್ಟ. ಆದ್ದರಿಂದಲೇ ಚಿಕ್ಕ ಮಕ್ಕಳ ಗಾಯಗಳು ಕೆನ್ನೆ, ತುಟಿ, ಮೂಗಿನ ತುದಿ, ಕಿವಿ, ನೆತ್ತಿ, ಕುತ್ತಿಗೆಗಳಲ್ಲಿ ಆಗುತ್ತವೆ. ಅಲ್ಲಿ ಚರ್ಮ ತೆಳು, ನರಗಳು ದಟ್ಟ, ಮಿದುಳು ಹತ್ತಿರ. ರೇಬೀಸ್ ವೈರಸ್ ನರಗಳ ದಾರಿಯಲ್ಲಿ ಮಿದುಳಿನ ಕಡೆಗೆ ಸಾಗುವುದರಿಂದ, ಕಾಲಿಗೆ ಕಚ್ಚಿದಾಗ ಸಿಗುವಷ್ಟು ಕಾಲಾವಕಾಶ ಮುಖಕ್ಕೆ ಕಚ್ಚಿದಾಗ ಸಿಗುವುದಿಲ್ಲ. ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಹೇಳುತ್ತ ಬಂದಿದೆ.

ನಮ್ಮ ಲೆಕ್ಕಗಳಲ್ಲಿ ಈ ಮಕ್ಕಳು ಎಲ್ಲಿದ್ದಾರೆ ಎಂದು ಹುಡುಕಿದರೆ ನಿರಾಶೆಯಾಗುತ್ತದೆ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಅಂಕಿಯ ಪ್ರಕಾರ 2024ರಲ್ಲಿ ದೇಶದಲ್ಲಿ ನಾಯಿ ಕಡಿತ 37 ಲಕ್ಷ, ಶಂಕಿತ ರೇಬೀಸ್ ಸಾವು 54. ಅದೇ ವರ್ಷ ಕರ್ನಾಟಕವೊಂದರಲ್ಲೇ ಸುಮಾರು 3.6 ಲಕ್ಷ ಕಡಿತ, 42 ಸಾವು ವರದಿಯಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಶೋಧಕರು 2022-23ರಲ್ಲಿ 15 ರಾಜ್ಯಗಳ ಮನೆಮನೆ ಸಮೀಕ್ಷೆ ನಡೆಸಿ ಅಂದಾಜಿಸಿದ್ದು ವರ್ಷಕ್ಕೆ 91 ಲಕ್ಷ ಪ್ರಾಣಿ ಕಡಿತ, 5,726 ರೇಬೀಸ್ ಸಾವು. ಕಡಿತಗಳಲ್ಲಿ ಮುಕ್ಕಾಲು ಪಾಲು ನಾಯಿಯದು. 54ಕ್ಕೂ 5,726ಕ್ಕೂ ನಡುವಿನ ಕಂದರದಲ್ಲಿ ಹೂತುಹೋಗಿರುವವರು ಬಹುಪಾಲು ಬಡವರು. ಕರ್ನಾಟಕ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದ್ದರಿಂದ ಇಲ್ಲಿ ಎಣಿಕೆಯಾದರೂ ನಡೆಯುತ್ತಿದೆ. ಇಲ್ಲಿನ ಸಂಖ್ಯೆ ದೊಡ್ಡದಾಗಿ ಕಾಣುವುದಕ್ಕೆ ಅದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಆದರೆ ಈ ಒಟ್ಟು ಸಂಖ್ಯೆಗಳಾವುವೂ ಕಚ್ಚಿದ್ದು ಯಾರ ನಾಯಿ, ಎಲ್ಲಿ, ಆಗ ಮಗು ಏನು ಮಾಡುತ್ತಿತ್ತು, ಹತ್ತಿರ ಯಾರಿದ್ದರು ಎಂದು ಹೇಳುವುದಿಲ್ಲ. ಮಗುವನ್ನು ಉಳಿಸಲು ಬೇಕಾದ ಮಾಹಿತಿ ಇರುವುದು ಆ ನಾಲ್ಕು ಪ್ರಶ್ನೆಗಳಲ್ಲೇ.

ನಾಯಿ ಇದ್ದಕ್ಕಿದ್ದಂತೆ ಕಚ್ಚಿತು ಎನ್ನುವುದು ಪ್ರತಿ ಪ್ರಕರಣದಲ್ಲೂ ಕೇಳಿಬರುವ ಮಾತು. ಬಹುಮಟ್ಟಿಗೆ ಅದು ನಿಜವಲ್ಲ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ನಾಯಿಯ ಎಚ್ಚರಿಕೆಗಳನ್ನು ಒಂದು ಏಣಿಯ ಮೆಟ್ಟಿಲುಗಳಾಗಿ ಜೋಡಿಸಿ ತೋರಿಸಿದ್ದಾರೆ. ಕೆಳಗಿನ ಮೆಟ್ಟಿಲುಗಳು ಎಷ್ಟು ಸಣ್ಣವೆಂದರೆ ದೊಡ್ಡವರ ಕಣ್ಣಿಗೂ ಬೀಳುವುದಿಲ್ಲ: ಆಕಳಿಕೆ, ಮೂಗು ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸುವುದು. ನಂತರ ಎದ್ದು ಹೋಗುವುದು, ಕಿವಿ ಹಿಂದಕ್ಕೆಳೆದು ಮೈ ಕುಗ್ಗಿಸುವುದು, ಬಾಲ ಮುದುರುವುದು. ಆಮೇಲೆ ಮೈ ಬಿಗಿದು ಕಲ್ಲಿನಂತೆ ನಿಂತು ಬಿರುಗಣ್ಣು ಬಿಡುವುದು. ಆಮೇಲೆ ಗುರುಗುಟ್ಟುವುದು, ಗಾಳಿಗೆ ಬಾಯಿ ಹಾಕುವುದು, ಕಡೆಗೆ ಕಚ್ಚುವುದು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ನಮ್ಮ ಗಾದೆಯನ್ನು ನಂಬಿ ಮಗುವನ್ನು ನಾಯಿಯ ಹತ್ತಿರ ಬಿಡುವುದು ಅಪಾಯ. ಬೊಗಳುವುದು, ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ, ಅದನ್ನು ಕಡೆಗಣಿಸಿದಾಗಲೇ ಕಡಿತ. ಬಾಲ ಅಲ್ಲಾಡಿಸಿದರೆ ಸ್ನೇಹ ಎಂಬುದೂ ಅರ್ಧ ಸತ್ಯ. ಮೈಯೆಲ್ಲ ಸಡಿಲಾಗಿ ಬಳುಕುತ್ತ ಆಡಿಸುವ ಬಾಲ ಬೇರೆ, ಎತ್ತಿ ಬಿಗಿಹಿಡಿದು ಸಣ್ಣಗೆ ಕಂಪಿಸುವ ಬಾಲ ಬೇರೆ. ಗುರುಗುಟ್ಟಿದ್ದಕ್ಕೆ ನಾಯಿಗೆ ಹೊಡೆಯುವ ಮನೆಗಳಲ್ಲಿ ಇನ್ನೊಂದು ಅನಾಹುತವಾಗುತ್ತದೆ: ನಾಯಿಯ ಸಿಟ್ಟು ಹಾಗೇ ಉಳಿದು ಎಚ್ಚರಿಕೆ ಮಾತ್ರ ನಿಂತುಹೋಗುತ್ತದೆ. ಇನ್ನು ಮಗುವಿನ ವಿಷಯ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಕೆರ್ಸ್ಟಿನ್ ಮೈನ್ಟ್ಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ ಚಿಕ್ಕ ಮಕ್ಕಳಿಗೆ ನಾಯಿಯ ಮುಖಭಾವಗಳನ್ನು ತೋರಿಸಿದಾಗ, ಹಲ್ಲು ಕಿರಿದು ಗುರುಗುಟ್ಟುವ ನಾಯಿಯನ್ನು ಸಂತೋಷವಾಗಿದೆ, ನಗುತ್ತಿದೆ ಎಂದವರು ಬಹಳ ಮಂದಿ. ಹಲ್ಲು ಕಂಡರೆ ನಗು ಎಂಬುದು ಮಗು ಮನುಷ್ಯರ ಮುಖದಿಂದ ಕಲಿತ ಪಾಠ. ಅಂದರೆ ನಾಯಿ ಕೊನೆಯ ಎಚ್ಚರಿಕೆ ಕೊಡುವ ಕ್ಷಣದಲ್ಲೇ ಮಗು ಇನ್ನಷ್ಟು ಹತ್ತಿರ ಹೋಗುವ ಸಾಧ್ಯತೆಯಿದೆ.

ಸಾಕುನಾಯಿಯ ಪ್ರಶ್ನೆಯನ್ನು ನಾವು ಬೀದಿನಾಯಿಯ ಗದ್ದಲದಲ್ಲಿ ಪೂರ್ತಿ ಮರೆತಿದ್ದೇವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇಲಾನಾ ರೈಸ್ನರ್ ಮತ್ತು ಸಹೋದ್ಯೋಗಿಗಳು ಮಕ್ಕಳನ್ನು ಕಚ್ಚಿದ 111 ನಾಯಿಗಳ ಪ್ರಕರಣಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಆರು ವರ್ಷದೊಳಗಿನ ಮಕ್ಕಳಿಗೆ ಕಡಿತವಾದ ಸಂದರ್ಭಗಳಲ್ಲಿ ಮುಖ್ಯವಾದದ್ದು ನಾಯಿ ತನ್ನ ಊಟವನ್ನೋ, ಎಲುಬನ್ನೋ, ಆಟಿಕೆಯನ್ನೋ ಕಾಯ್ದುಕೊಳ್ಳುವಾಗ ಮಗು ಅಲ್ಲಿಗೆ ಹೋದದ್ದು; ಕಚ್ಚಿದ ನಾಯಿಗಳಲ್ಲಿ ಹೆಚ್ಚಿನವು ಅದಕ್ಕೆ ಮೊದಲು ಯಾವ ಮಗುವನ್ನೂ ಕಚ್ಚಿರಲಿಲ್ಲ. ಜೆಕ್ ದೇಶದ ಸಂಶೋಧಕರು ಮುಖಕ್ಕೆ ಕಚ್ಚಿದ 132 ಪ್ರಕರಣಗಳನ್ನು ನೋಡಿದಾಗ ಸುಮಾರು ಮುಕ್ಕಾಲು ಭಾಗದಲ್ಲಿ ಕಡಿತಕ್ಕೆ ಮುಂಚೆ ವ್ಯಕ್ತಿ ನಾಯಿಯ ಮೇಲೆ ಬಗ್ಗಿದ್ದರು. ಈ ಎರಡನ್ನೂ ಒಂದು ಸಾಮಾನ್ಯ ಮನೆಯೊಳಗೆ ಇಟ್ಟು ನೋಡಿ. ಊಟದ ಮೇಜಿನ ಕೆಳಗೆ ನಾಯಿ ರೊಟ್ಟಿ ಚೂರು ಹಿಡಿದು ಮಲಗಿದೆ. ಹೊಸದಾಗಿ ನಡೆಯಲು ಕಲಿತ ಮಗು ತೂರಾಡುತ್ತ ಬಂದು ಅದರ ಬೆನ್ನ ಮೇಲೆ ಕೈಯೂರುತ್ತದೆ, ಮುಖಕ್ಕೆ ಮುಖ ತಂದು ಬಗ್ಗುತ್ತದೆ. ನಾಯಿ ಅಗಿಯುವುದನ್ನು ನಿಲ್ಲಿಸುತ್ತದೆ. ತಲೆ ಅಲ್ಲಾಡದೆ ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿ ಬಿಳಿ ಕಾಣುತ್ತದೆ. ಮನೆಯವರು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದಾರೆ. ನಮ್ಮ ನಾಯಿ ತುಂಬ ಸಾಧು, ಮಗು ಬಾಲ ಎಳೆದರೂ ಸುಮ್ಮನಿರುತ್ತದೆ ಎನ್ನುವವರು ನೋಡಬೇಕಾದದ್ದು ಆ ಸುಮ್ಮನಿರುವಿಕೆಯನ್ನು. ಅದು ಸಮಾಧಾನವೋ, ಸಹಿಸಿಕೊಳ್ಳುತ್ತಿರುವುದೋ ಎಂದು ತಿಳಿಯದೆ ಅದರ ಮೇಲೆ ಮಗುವಿನ ಮುಖವನ್ನು ಪಣಕ್ಕಿಡಲಾಗದು. ಮಕ್ಕಳು ಪ್ರಾಣಿಗಳ ಜೊತೆ ಬೆಳೆಯುವುದು ಒಳ್ಳೆಯದಲ್ಲವೇ ಎಂಬ ಆಕ್ಷೇಪ ಬರುತ್ತದೆ. ಒಳ್ಳೆಯದೇ, ಕರುಣೆಯ ಮೊದಲ ಪಾಠ ಅಲ್ಲೇ ಆಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಕಟ್ಟುನಿಟ್ಟು: ಕೈಯಳತೆಯ ದೂರದಲ್ಲಿ, ಕಣ್ಣಿಟ್ಟು ಕೂತ ದೊಡ್ಡವರೊಬ್ಬರು ಇಲ್ಲದಿದ್ದಾಗ ಮಗುವೂ ನಾಯಿಯೂ ಬಾಗಿಲಿನ ಎರಡು ಕಡೆ ಇರಬೇಕು. ನಾಯಿ ಉಣ್ಣುವಾಗ, ಮಲಗಿದಾಗ, ಮರಿಯ ಜೊತೆ ಇರುವಾಗ ದೊಡ್ಡವರು ಇದ್ದರೂ ಸರಿಯೇ, ಮಗು ಹತ್ತಿರ ಹೋಗಬಾರದು. ತೊಟ್ಟಿಲ ಕೂಸನ್ನಂತೂ ಎಂಥ ನಾಯಿಯ ಜೊತೆಗೂ ಒಂದು ನಿಮಿಷ ಬಿಡಕೂಡದು.

ತಳಿಯನ್ನು ದೂರುವವರು ಇದನ್ನೊಪ್ಪುವುದಿಲ್ಲ. ಪಿಟ್‌ಬುಲ್, ರಾಟ್‌ವೀಲರ್ ಇಲ್ಲದಿದ್ದರೆ ಸಾಕು ಎನ್ನುತ್ತಾರೆ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ಘೋರ ಎಂಬುದರಲ್ಲಿ ಅನುಮಾನವಿಲ್ಲ, ಅಂಥ ನಾಯಿಗೆ ಪರವಾನಗಿ, ಬಾಯಿಕಟ್ಟು, ಮಾಲೀಕನ ಹೊಣೆ ಕಟ್ಟುನಿಟ್ಟಾಗಿರಲೇಬೇಕು. ಆದರೆ ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿಗಳಿಂದಾದ 256 ಸಾವುಗಳನ್ನು ಪೊಲೀಸರ ಹಾಗೂ ತನಿಖಾಧಿಕಾರಿಗಳ ಹೇಳಿಕೆ ತೆಗೆದುಕೊಂಡು ಒಂದೊಂದಾಗಿ ಬಿಡಿಸಿ ನೋಡಿದ ಅಧ್ಯಯನದಲ್ಲಿ ಎದ್ದು ಕಂಡದ್ದು ಬೇರೆ. ಶೇ. 87 ಪ್ರಕರಣಗಳಲ್ಲಿ ತಡೆಯಬಲ್ಲ ವ್ಯಕ್ತಿ ಅಲ್ಲಿರಲಿಲ್ಲ. ಶೇ. 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ಶೇ. 76ರಲ್ಲಿ ನಾಯಿಯನ್ನು ಮನೆಮಂದಿಯ ಒಡನಾಟವಿಲ್ಲದೆ ಕಟ್ಟಿಯೋ ಕೂಡಿಯೋ ಇಟ್ಟಿದ್ದರು. ತಳಿ ಯಾವುದೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದೇ ಐದರಲ್ಲೊಂದು ಭಾಗಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ತೋಟದ ಮನೆಯಲ್ಲಿ ಹಗಲೆಲ್ಲ ಗಿಡ್ಡ ಸರಪಳಿಯಲ್ಲಿ ಕಟ್ಟಿ, ರಾತ್ರಿ ಬಿಟ್ಟು, ಜೋರಾಗಿರಲಿ ಎಂದು ಕೆಣಕಿ ಬೆಳೆಸಿದ ನಾಟಿ ನಾಯಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಬೀದಿಯ ಲೆಕ್ಕ ಬೇರೆ. ಅಲ್ಲಿ ಅಪಾಯ ಒಂದು ನಾಯಿಯದಲ್ಲ, ಗುಂಪಿನದು. ಒಂಟಿ ನಾಯಿ ಹೆದರಿದರೆ ಓಡುತ್ತದೆ. ಗುಂಪಿನಲ್ಲಿ ಒಂದು ಬಾಯಿ ಹಾಕಿದರೆ ಉಳಿದವೂ ಮೇಲೆ ಬೀಳುತ್ತವೆ. ಓಡುವ, ಚೀರುವ, ಬೀಳುವ ಸಣ್ಣ ದೇಹ ಅವುಗಳ ಬೇಟೆಯ ಸ್ವಭಾವವನ್ನು ಕೆರಳಿಸುತ್ತದೆ. 2007ರ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು, 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಹುಡುಗ, ಅದೇ ವರ್ಷದ ಜೂನ್‌ನಲ್ಲಿ ಕಣ್ಣೂರು ಜಿಲ್ಲೆಯಲ್ಲಿ ಮಾತು ಬಾರದ 11 ವರ್ಷದ ಹುಡುಗ ಹೀಗೆ ಸತ್ತರು. ಕಣ್ಣೂರಿನ ಹುಡುಗ ಕೂಗಿ ಕರೆಯಲೂ ಆಗದ ಸ್ಥಿತಿಯಲ್ಲಿದ್ದ. ಅಂಬರ್‌ಪೇಟೆಯ ಮಗುವಿನ ತಂದೆ ಕಾವಲುಗಾರ. ದುಡಿಯುವ ಜಾಗಕ್ಕೆ ಮಗುವನ್ನು ಕರೆತಂದಿದ್ದರು. ಇದನ್ನು ಯಾರೂ ನಿರ್ಲಕ್ಷ್ಯ ಎನ್ನಬಾರದು. ಕಟ್ಟಡ ಕೆಲಸದ ಶೆಡ್ಡುಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ, ಬಾಗಿಲಿಲ್ಲದ ಗುಡಿಸಲುಗಳಲ್ಲಿ ಬೆಳೆಯುವ ಮಕ್ಕಳಿಗೆ ಹಗಲಿಡೀ ಕಣ್ಣಿಡುವ ದೊಡ್ಡವರನ್ನು ಕೂಲಿಯ ಬದುಕು ಉಳಿಸಿರುವುದಿಲ್ಲ. ಬಯಲಿಗೆ ಕೂರುವ ಮಗು ನಾಯಿಯ ಮಟ್ಟದಲ್ಲೇ ಕೂರುತ್ತದೆ. ನಾಯಿಪ್ರೀತಿಯವರೂ ನಾಯಿದ್ವೇಷಿಗಳೂ ಬಹುತೇಕ ಗೇಟು, ಕಾಂಪೌಂಡು ಇರುವ ಮನೆಗಳಿಂದ ವಾದಿಸುತ್ತಿದ್ದಾರೆ, ಸಾಯುತ್ತಿರುವ ಮಕ್ಕಳು ಹೆಚ್ಚಾಗಿ ಆ ಗೇಟಿನ ಹೊರಗಿನವರು.

ಹಾಗಾದರೆ ಎಲ್ಲ ನಾಯಿಗಳನ್ನೂ ಎತ್ತಿಬಿಡಿ ಎನ್ನುವ ವಾದದ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಮಗು ಕಳೆದುಕೊಂಡವರ ಮುಂದೆ ಪ್ರಾಣಿದಯೆಯ ಪಾಠ ಹೇಳುವುದು ಅಮಾನವೀಯ. ಆದರೆ ಇದು ನಡೆಸಿ ನೋಡಿದ ದಾರಿಯೇ. ಮದ್ರಾಸ್ ಕಾರ್ಪೊರೇಷನ್ ಬ್ರಿಟಿಷರ ಕಾಲದಿಂದ 1996ರವರೆಗೆ, ನೂರು ವರ್ಷಕ್ಕೂ ಹೆಚ್ಚು ಕಾಲ, ನಾಯಿಗಳನ್ನು ಹಿಡಿದು ಕೊಂದಿತು. ನಾಯಿಯೂ ಮುಗಿಯಲಿಲ್ಲ, ರೇಬೀಸೂ ಮುಗಿಯಲಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ, ಕಲ್ಯಾಣ ಮಂಟಪದ ಎಲೆ, ಮೂಲೆಯ ಕಸದ ರಾಶಿ ಎಷ್ಟು ನಾಯಿಗಳನ್ನು ಸಾಕಬಲ್ಲವೋ ಅಷ್ಟು ನಾಯಿಗಳು ಊರಿನಲ್ಲಿರುತ್ತವೆ. ಇನ್ನೊಂದು ಕಡೆ ಜೈಪುರದಲ್ಲಿ ಸತತವಾಗಿ ನಡೆದ ಸಂತಾನಹರಣ ಕಾರ್ಯಕ್ರಮದ ವರ್ಷಗಳಲ್ಲಿ ಮನುಷ್ಯರಿಗೆ ಆಗುವ ಕಡಿತವೂ ಇಳಿಯಿತು ಎಂದು 2013ರಲ್ಲಿ ವರದಿಯಾಯಿತು. ಅಲ್ಲಿನ ಸಂಶೋಧಕರು ಕೊಟ್ಟ ವಿವರಣೆ ನಮ್ಮ ಹಳ್ಳಿಯವರಿಗೆ ಹೊಸದಲ್ಲ: ಕಡಿತ ಏರುವುದು ಮರಿ ಹಾಕುವ ಕಾಲದ ನಂತರ, ತಾಯಿನಾಯಿ ಮರಿಗಳನ್ನು ಕಾಯುವ ವಾರಗಳಲ್ಲಿ, ಮರಿ ಕಡಿಮೆಯಾದರೆ ಆ ಸಿಟ್ಟೂ ಕಡಿಮೆ. ಮರಿಗಳನ್ನು ಎತ್ತಿಕೊಳ್ಳಲು ಓಡುವವರು ಯಾರು ಎಂದು ಯೋಚಿಸಿದರೆ ಇದು ನೇರವಾಗಿ ಮಕ್ಕಳ ಸುರಕ್ಷತೆಯ ಮಾತು. ಗೋವಾದಲ್ಲಿ ಮನೆಮನೆ, ಬೀದಿಬೀದಿ ನಾಯಿಗಳಿಗೆ ಲಸಿಕೆ ಹಾಕಿ, ಶಾಲೆಗಳಲ್ಲಿ ಅರಿವು ಮೂಡಿಸಿ, ಶಂಕಿತ ನಾಯಿಗಳ ಮೇಲೆ ನಿಗಾ ಇಟ್ಟದ್ದರಿಂದ ನಾಯಿಗಳಲ್ಲಿ ರೇಬೀಸ್ ಪ್ರಕರಣಗಳು ಶೇ. 92ರಷ್ಟು ಇಳಿದವು; 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಆದರೂ ಸಂತಾನಹರಣವನ್ನು ಬೆಂಬಲಿಸುವ ನಮ್ಮಂಥವರು ಒಂದು ಸತ್ಯವನ್ನು ಎದುರಿಸಬೇಕು. ಅದರ ಫಲ ಬರುವುದು ವರ್ಷಗಳಲ್ಲಿ. ಮಗು ಅಂಗನವಾಡಿಗೆ ನಡೆದು ಹೋಗುವುದು ನಾಳೆ ಬೆಳಿಗ್ಗೆ. ಬೆಂಗಳೂರಿನಲ್ಲಿ 2019ರ ಎಣಿಕೆಯಲ್ಲಿ 3.1 ಲಕ್ಷ ಇದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದವು, ಅವುಗಳಲ್ಲಿ ಶೇ. 70ಕ್ಕೂ ಹೆಚ್ಚು ನಾಯಿಗಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ದಿಕ್ಕು ಸರಿಯಿದೆ. ಆದರೆ ನಗರದ ಸರಾಸರಿ ಒಂದು ಗಲ್ಲಿಯ ಗುಂಪನ್ನು ಬಲ್ಲದೇ? ಮಕ್ಕಳನ್ನು ಅಟ್ಟಿಸಿಕೊಂಡು ಬರುವ, ಹಿಂದೆ ಕಚ್ಚಿರುವ ನಾಯಿಯನ್ನು ಅದೇ ಜಾಗಕ್ಕೆ ಬಿಡುವುದನ್ನು ನಾನು ಸಮರ್ಥಿಸಲಾರೆ. ಆಗಸ್ಟ್ 22ರ ಆದೇಶವೂ ಅದನ್ನು ಹೇಳಿದೆ. ಶಾಲೆಯ ಆವರಣ ನಾಯಿಯ ನೆಲೆಯಾಗಬಾರದು ಎಂಬ ನವೆಂಬರ್ ಆದೇಶದ ಆಶಯವೂ ಸರಿಯೇ. ಅದನ್ನು ಮೊದಲು ಜಾರಿಗೆ ತರಬೇಕಾದದ್ದು ಅಂಗನವಾಡಿಗಳಲ್ಲಿ, ಏಕೆಂದರೆ ಮೂರರಿಂದ ಆರು ವರ್ಷದವರು ಇರುವುದು ಅಲ್ಲಿ. ಊಟದ ವೇಳೆಗೆ ಅನ್ನದ ವಾಸನೆಗೆ ನಾಯಿ ಬರುತ್ತದೆ, ಮಗು ತಟ್ಟೆ ಹಿಡಿದು ಹೊಸ್ತಿಲಲ್ಲಿ ಕೂತಿರುತ್ತದೆ. ಗಟ್ಟಿಯಾದ ಕಾಂಪೌಂಡು, ಚಿಲಕ ಬೀಳುವ ಗೇಟು, ಉಳಿದ ಅನ್ನಕ್ಕೆ ಮುಚ್ಚಳವಿರುವ ತೊಟ್ಟಿ: ಇಷ್ಟಕ್ಕೆ ಯಾವ ಪಾಳಯದವರ ಒಪ್ಪಿಗೆಯೂ ಬೇಕಿಲ್ಲ. ಬೀದಿನಾಯಿಗೆ ಅನ್ನ ಹಾಕುವವರೂ ಜಾಗ, ಹೊತ್ತು ಆರಿಸುವಾಗ ಮಕ್ಕಳು ಆಡುವ ಜಾಗವನ್ನೂ ಶಾಲೆಯ ದಾರಿಯನ್ನೂ ಬಿಡಬೇಕು.

ಮಕ್ಕಳಿಗೇ ಕಲಿಸಬಹುದಲ್ಲ ಎಂದು ಕೇಳುವವರಿಗೆ ಸಿಡ್ನಿಯ ಒಂದು ಪ್ರಯೋಗ ಉತ್ಸಾಹ ಕೊಡುತ್ತದೆ. ಅಲ್ಲಿ ಏಳೆಂಟು ವರ್ಷದ ಮಕ್ಕಳಿಗೆ ಅರ್ಧ ಗಂಟೆಯ ಪಾಠ ಮಾಡಿ, ಕೆಲವು ದಿನಗಳ ಬಳಿಕ ಶಾಲೆಯ ಮೈದಾನದಲ್ಲಿ ಪಳಗಿದ ನಾಯಿಯೊಂದನ್ನು ಕಟ್ಟಿ ನೋಡಿದರು. ಪಾಠ ಕೇಳಿದವರಲ್ಲಿ ಶೇ. 9ರಷ್ಟು ಮಕ್ಕಳು ಮಾತ್ರ ಅದನ್ನು ಮುಟ್ಟಿದರು, ಕೇಳದವರಲ್ಲಿ ಶೇ. 79. ಆದರೆ 2009ರ ಕಾಕ್ರೇನ್ ಸಮೀಕ್ಷೆ ಇಂಥ ಪಾಠಗಳಿಂದ ಕಡಿತವೇ ಕಡಿಮೆಯಾಯಿತು ಎನ್ನಲು ನೇರ ಪುರಾವೆಯಿಲ್ಲ ಎಂದಿತು. ಆ ಮಕ್ಕಳ ವಯಸ್ಸನ್ನೂ ಗಮನಿಸಬೇಕು. ಏಳು ವರ್ಷದವರಿಗೆ ಓಡಬೇಡ, ಕಣ್ಣಲ್ಲಿ ಕಣ್ಣಿಡಬೇಡ, ಕೈಕಟ್ಟಿ ಮರದ ಹಾಗೆ ನಿಲ್ಲು, ಬಿದ್ದರೆ ಮುದುಡಿ ಕಿವಿ ಕುತ್ತಿಗೆ ಮುಚ್ಚಿಕೋ ಎಂದು ಅಭ್ಯಾಸ ಮಾಡಿಸಬಹುದು, ನಮ್ಮ ಒಂದನೇ ಎರಡನೇ ತರಗತಿಗಳಲ್ಲಿ ಮಾಡಿಸಲೇಬೇಕು. ಮೂರು ವರ್ಷದ್ದಕ್ಕೆ ಅದನ್ನು ಹೇಳಿ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡರೆ ಹೊಣೆಯನ್ನು ಹೊರಲಾರದವರ ಹೆಗಲಿಗೆ ಹಾಕಿದಂತೆ.

ಉಳಿದದ್ದು ಕಚ್ಚಿದ ನಂತರದ ಮಾತು, ಮಗು ಹೇಳದೆ ಇರುವ ಮಾತು. ಮರಿಯ ಜೊತೆ ಆಡುವಾಗ ಹಲ್ಲು ತಾಗಿದ್ದು, ಉಗುರು ಗೀರಿದ್ದು ಬೈಗುಳದ ಭಯಕ್ಕೆ ಅಡಗಿಹೋಗುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಹೆದರಿಕೆಯನ್ನು ಹಿರಿಯರು ಇನ್ನೂ ಹೇಳುತ್ತಾರೆ. ಆ ಲಸಿಕೆ ಭಾರತದಲ್ಲಿ 2004ರ ಕೊನೆಗೇ ನಿಂತುಹೋಗಿದೆ. ಈಗ ತೋಳಿಗೆ ಕೊಡುವ ನಾಲ್ಕೈದು ಭೇಟಿಗಳ ಲಸಿಕೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಮೆತ್ತದೆ, ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯುವುದು ಮೊದಲ ಚಿಕಿತ್ಸೆ. ಆದರೆ ರಕ್ತ ಬಂದ ಗಾಯಕ್ಕೆ, ಅದರಲ್ಲೂ ಮುಖ, ತಲೆ, ಬೆರಳುಗಳ ಗಾಯಕ್ಕೆ ಲಸಿಕೆಯೊಂದೇ ಸಾಲದು, ಏಕೆಂದರೆ ಲಸಿಕೆಯಿಂದ ದೇಹ ರಕ್ಷಣೆ ಕಟ್ಟಿಕೊಳ್ಳಲು ದಿನಗಳು ಬೇಕು. ಆ ಅಂತರವನ್ನು ತುಂಬುವುದು ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯ. ಅದನ್ನು ಪ್ರತಿ ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಪ್ರಮಾಣ ದೇಹದ ತೂಕಕ್ಕೆ ತಕ್ಕಷ್ಟೇ ಇರುವುದರಿಂದ, ಹತ್ತು ಹನ್ನೆರಡು ಕಿಲೋ ತೂಗುವ ಮಗುವಿಗೆ ಹಲವು ಗಾಯಗಳಾಗಿದ್ದರೆ ಔಷಧ ಸಾಲುವುದಿಲ್ಲ. ಸಲೈನ್ ಬೆರೆಸಿ ಎಲ್ಲ ಗಾಯಗಳಿಗೂ ಮುಟ್ಟಿಸಬೇಕಾಗುತ್ತದೆ. ಕಿರಿಚಾಡುವ ಮಗುವಿನ ಕಣ್ಣರೆಪ್ಪೆಯ ಬದಿಗೆ ಸೂಜಿ ಚುಚ್ಚಲು ಕೈ ಪಳಗಿದ ವೈದ್ಯರು ಬೇಕು. ಲಸಿಕೆ ಸಿಗುವ ಕಡೆಯಲ್ಲೆಲ್ಲ ಈ ಔಷಧ ಸಿಗುವುದಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಔಷಧಕ್ಕೂ ಅದನ್ನು ಹಿಂದಿರುಗಿಸುವ ಶಕ್ತಿಯಿಲ್ಲ. ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಇಮ್ಯುನೋಗ್ಲೋಬ್ಯುಲಿನ್ ಇರುವಂತೆ, ಅದನ್ನು ಮಕ್ಕಳಿಗೆ ಕೊಡಬಲ್ಲ ತರಬೇತಾದವರು ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಜ್ವರ, ಭೇದಿ ಕೇಳುವಂತೆಯೇ ನಾಯಿ ಗೀರಿತೇ, ನೆಕ್ಕಿತೇ ಎಂದೂ ಕೇಳಬೇಕು. ಸಂಜೆ ಮಗುವಿಗೆ ಸ್ನಾನ ಮಾಡಿಸುವಾಗ ಕಂಡ ಗೀರಿಗೆ ಕಾರಣವನ್ನು ಗದರಿಸದೆ ವಿಚಾರಿಸುವುದು ಮನೆಯವರ ಕೆಲಸ.